ಗೂಡು, ಗೂಟ, ಅಡಕಲು: ನಮ್ಮ ಪಡಸಾಲೆಯ ಚರಿತ್ರೆ

ಉದಗೀರದ ಹೆಸರನ್ನೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳು 1760ನೆಯ ಇಸವಿಯ ಕದನವನ್ನು ಹೇಳುತ್ತಾರೆ. ಮರಾಠರು ನಿಜಾಮನ ಸೈನ್ಯವನ್ನು ಅಲ್ಲಿ ಸೋಲಿಸಿದುದು, ಗೆದ್ದ ಸದಾಶಿವರಾವ ಭಾವು ಮರುವರ್ಷವೇ ಪಾಣಿಪತ್ತಿನಲ್ಲಿ ಮಡಿದುದು, ಇವೆಲ್ಲ ಅವರಿಗೆ ಕಂಠಪಾಠವಾಗಿರುತ್ತವೆ. ಆದರೆ ಆ ಕದನವು ನಡೆದ ವರ್ಷ ಉದಗೀರದ ಸುತ್ತಲಿನ ಒಬ್ಬ ಒಕ್ಕಲಿಗನು ತನ್ನ ಜೋಳವನ್ನು ಎಲ್ಲಿ ಬಚ್ಚಿಟ್ಟಿದ್ದನು, ಅವನ ಮನೆಯಾಕೆ ಹಾಸಿಗೆಗಳನ್ನು ಹಗಲಿನಲ್ಲಿ ಎಲ್ಲಿ ಮಡಚಿಡುತ್ತಿದ್ದಳು, ಮನೆಗೆ ಬಂದವರು ಎಲ್ಲಿ ಕುಳ್ಳಿರುತ್ತಿದ್ದರು ಎಂಬ ಪ್ರಶ್ನೆಗಳನ್ನು ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ನಗುವವರೇ ಹೆಚ್ಚು. ರಾಜರ ಸಿಂಹಾಸನಕ್ಕೆ ಚರಿತ್ರೆಯಿದ್ದರೆ ನಮ್ಮ ಮಣೆಗೂ ಚರಿತ್ರೆಯಿರಲೇಬೇಕೆಂದು ನಾವು ನಂಬಿರುವುದರಿಂದ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇವೆ.

ನಮ್ಮನ್ನು ಬಹುದಿನಗಳಿಂದ ಕಾಡುತ್ತಿರುವ ಪ್ರಶ್ನೆಯು ತೀರ ಸರಳವಾದುದು. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳೆಯ ಮಾಳಿಗೆ ಮನೆಗಳಲ್ಲಿ ಎಂಟು ಹತ್ತು ಜನರ ಸಂಸಾರವಿರುತ್ತಿತ್ತು. ಆದರೂ ಪಡಸಾಲೆಯ ನೆಲವು ಹಗಲೆಲ್ಲ ಬರಿದಾಗಿರುತ್ತಿತ್ತು; ಮಕ್ಕಳು ಅಲ್ಲಿಯೇ ಆಡುತ್ತಿದ್ದರು, ಹೆಂಗಸರು ಅಲ್ಲಿಯೇ ಕಾಳು ಹಸನು ಮಾಡುತ್ತಿದ್ದರು, ನಾಲ್ಕು ಜನ ನೆಂಟರು ಬಂದರೆ ಅಲ್ಲಿಯೇ ಪಂಕ್ತಿ ಹಾಕುತ್ತಿದ್ದರು. ಇಂದು ನಾಲ್ಕು ಜನರಿರುವ ಮನೆಯ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಕಾಲಿಡಲು ಸ್ಥಳವಿಲ್ಲ. ಸಾಮಾನು ಹೆಚ್ಚಾಯಿತೆಂದು ಹೇಳಿ ಸುಮ್ಮನಾಗುವುದು ಸುಲಭ. ಸಾಮಾನು ಹೆಚ್ಚಾದುದು ನಿಜವೇ. ಆದರೆ ಅದಕ್ಕಿಂತ ಮಿಗಿಲಾಗಿ, ಸಾಮಾನು ಇರುತ್ತಿದ್ದ ಸ್ಥಳವೇ ಇಲ್ಲವಾಯಿತೆಂಬುದು ನಮ್ಮ ಅಭಿಪ್ರಾಯ. ಆ ಸ್ಥಳವೆಂದರೆ ಗೋಡೆಯ ಒಳಗು.

ಈ ಸೀಮೆಯ ನೆಲವು ಕಪ್ಪು ಎರೆ. ಅದರ ಕೆಳಗೆ ಕರಿಯ ಕಲ್ಲಿನ ಪದರ. ಮರವು ಕಡಿಮೆ, ಕಲ್ಲು ಮಣ್ಣುಗಳು ಬೇಕಾದಷ್ಟು. ಆದುದರಿಂದ ನಮ್ಮ ಹಿರಿಯರು ಕೈಗೆ ಸಿಕ್ಕುವುದರಿಂದಲೇ ಮನೆ ಕಟ್ಟಿದರು. ಎರಡು ಅಡಿಗೆ ಕಡಿಮೆಯಿಲ್ಲದ, ಹಲವೆಡೆಗಳಲ್ಲಿ ಮೂರಡಿಗೂ ಮಿಕ್ಕ ದಪ್ಪದ ಗೋಡೆ. ಹೊರಮೈಗೊಂದು ಒಳಮೈಗೊಂದು ಕಲ್ಲಿನ ಸಾಲು. ನಡುವೆ ಚೂರುಗಲ್ಲು ಮತ್ತು ಮಣ್ಣು. ಒಳಗೆ ಮರದ ಕಂಬಗಳು, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ಎರಡು ಕಂಬಗಳ ನಡುವಣ ಹರವಿಗೆ ಅಂಕಣವೆಂದು ಹೆಸರು. ಮನೆಯನ್ನು ಅಡಿಗಳಲ್ಲಿ ಅಳೆಯುತ್ತಿರಲಿಲ್ಲ, ಅಂಕಣಗಳಲ್ಲಿ ಎಣಿಸುತ್ತಿದ್ದರು. ಇದೇ ಅಳತೆಯನ್ನು ಮರಾಠಿಯವರು ಖಣವೆನ್ನುತ್ತಾರೆ. ತೊಲೆಯ ಉದ್ದವೆಷ್ಟೋ ಅಂಕಣದ ಅಗಲವೂ ಅಷ್ಟೇ. ಹೀಗಾಗಿ ಪಡಸಾಲೆಯು ಎಂದಿಗೂ ವಿಶಾಲವಾಗಿರಲಿಲ್ಲ. ಹಿಂದಿನವರ ಮನೆ ದೊಡ್ಡದಾಗಿತ್ತೆಂದು ನಾವು ಕಲ್ಪಿಸಿಕೊಳ್ಳುವುದು ಹಲವು ಸಲ ಭ್ರಮೆಯೇ ಸರಿ. ಗೌಡರ ವಾಡೆಗಳನ್ನು ಬಿಟ್ಟರೆ ಸಾಮಾನ್ಯರ ಪಡಸಾಲೆಯು ಇಂದಿನ ಕೋಣೆಗಿಂತ ಬಹಳ ದೊಡ್ಡದಲ್ಲ.

ಚಿಕ್ಕ ಪಡಸಾಲೆಯನ್ನು ದೊಡ್ಡದಾಗಿಸುತ್ತಿದ್ದುದು ಗೋಡೆ. ಮೂರಡಿಯ ಗೋಡೆಯಲ್ಲಿ ಒಂದೂಕಾಲು ಅಡಿ ಆಳದ ಗೂಡನ್ನು ಬಿಟ್ಟರೆ ಹಿಂದೆ ಇನ್ನೂ ಒಂದೂಮುಕ್ಕಾಲು ಅಡಿ ಉಳಿಯುತ್ತದೆ. ಬಾಗಿಲಿನ ಬದಿಗೆ ದೀಪದ ಗೂಡು. ಅದರ ಮೇಲಣ ಕರಿಯ ಮಸಿಯಿಂದಲೇ ಅದನ್ನು ಗುರುತಿಸಬಹುದು. ಮೂಡಣದ ಅಥವಾ ಪಡುವಣದ ಗೋಡೆಯಲ್ಲಿ ದೇವರ ಮಾಡ. ಅಡುಗೆಯ ಮೂಲೆಯಲ್ಲಿ ಉಪ್ಪು ಕಾರಗಳ ಗೂಡು. ಸ್ವಲ್ಪ ಅನುಕೂಲಸ್ಥರಾದರೆ ಗೂಡಿಗೇ ಮರದ ಚೌಕಟ್ಟು, ಎರಡು ಕದ, ಒಂದು ಚಿಲಕ. ಅದರಲ್ಲಿ ಕಾಗದಪತ್ರಗಳು, ಬೆಳ್ಳಿಯ ಸಾಮಾನು, ಮನೆಯಲ್ಲಿ ಓದುವವರಿದ್ದರೆ ಪುಸ್ತಕ. ಗೋಡೆ ಕಟ್ಟುವಾಗಲೇ ಕಲ್ಲುಗಳ ಸಂದಿನಲ್ಲಿ ಮರದ ಗೂಟಗಳನ್ನು ಕೂಡಿಸುತ್ತಿದ್ದರು. ಆ ಗೂಟಗಳಿಗೆ ಬಾರುಕೋಲು, ಹಗ್ಗ, ರುಮಾಲು, ಕಂಬಳಿ. ಮೊಳೆ ಹೊಡೆದು ಗೋಡೆ ಕೆಡಿಸುವ ಪ್ರಸಂಗವೇ ಇರಲಿಲ್ಲ.

ಈ ಗೂಡು ಬಡವರ ಮನೆಯಲ್ಲಿ ಮಾತ್ರವಿದ್ದುದೆಂದು ತಿಳಿಯಬಾರದು. ನಿಲಂಗಾದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನೀಲಕಂಠೇಶ್ವರನ ಗುಡಿಯಿದೆ. ಆ ಕಾಲದ ಗುಡಿಗಳ ಗೋಡೆಗಳಲ್ಲಿ ಮೂರ್ತಿಗಳನ್ನಿರಿಸಲು ಬಿಟ್ಟ ದೇವಕೋಷ್ಠಗಳನ್ನು ನೋಡಿದವರಿಗೆ ಅವು ನಮ್ಮ ದೇವರ ಮಾಡದ ಅಣ್ಣಂದಿರೆಂದು ತೋರದಿರದು. ಬೀದರದ ಕೋಟೆಯೊಳಗಿನ ರಂಗೀನ ಮಹಲಿನಲ್ಲಿ ಬರೀದ ಶಾಹಿಗಳ ಕಾಲದ ಮರದ ಕೆತ್ತನೆಯೂ ಮುತ್ತಿನ ಚಿಪ್ಪಿನ ಕುಸುರಿಯೂ ಪ್ರಸಿದ್ಧವಾಗಿವೆ. ಅಂಥ ಅರಮನೆಗಳ ಗೋಡೆಗಳಲ್ಲಿಯೂ ಸಾಲು ಸಾಲು ಕಮಾನಿನ ಗೂಡುಗಳು. ಉರ್ದು ಬಲ್ಲವರು ಇವನ್ನು ತಾಕ ಎನ್ನುತ್ತಾರೆ. ಗುಡಿ, ಮಹಲು, ಗುಡಿಸಲು ಮೂರೂ ಒಪ್ಪಿಕೊಂಡ ಒಂದು ವಿದ್ಯೆ ಈ ಗೂಡು.

ಗೋಡೆಯಾದ ಮೇಲೆ ಮೇಲ್ಭಾಗ. ಜಂತಿಯಿಂದ ತೂಗುಬಿಟ್ಟ ನೆಲವಿನಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು. ಬೆಕ್ಕಿಗೂ ಇರುವೆಗೂ ಎಟುಕದಂತೆ. ಇನ್ನೊಂದು ಕಡೆ ಹಗ್ಗದಿಂದ ಕಟ್ಟಿದ ಬಿದಿರಿನ ಗಳ. ಅದರ ಮೇಲೆ ಸೀರೆ ಧೋತರಗಳು. ರಾತ್ರಿ ಹೊದ್ದ ಕೌದಿಗಳನ್ನು ಬೆಳಗ್ಗೆ ಮಡಚಿ ಮೂಲೆಯಲ್ಲಿ ಒಟ್ಟಿದರೆ ಅದೇ ಹಗಲಿನ ಒರಗುದಿಂಬು. ಹಳೆಯ ಸೀರೆಗಳ ತುಣುಕುಗಳನ್ನು ಕೂಡಿಸಿ ಹೊಲಿದ ಈ ಕೌದಿಯು ಹಾಸಿಗೆ, ಹೊದಿಕೆ, ಆಸನ ಮೂರೂ ಆಗುತ್ತಿತ್ತು. ಅದಕ್ಕೆಂದು ಬೇರೆ ಕಾಲುಗಳುಳ್ಳ ಸಾಮಾನು ಬೇಕಾಗಿರಲಿಲ್ಲ.

ಕೆಳಭಾಗದ ಮಾತು ಇನ್ನೂ ಸ್ವಾರಸ್ಯವಾದುದು. ವರ್ಷದ ಜೋಳವು ನೆಲದೊಳಗಿನ ಹಗೇವಿನಲ್ಲಿರುತ್ತಿತ್ತು. ಎರೆಯು ಬೇಸಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಹಗೇವು ನಿಲ್ಲದು. ಗಟ್ಟಿಯಾದ ಗರಸು ನೆಲವನ್ನು ಹುಡುಕಿ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದು, ಹೊಟ್ಟೆ ಹಿರಿದು. ಒಳಗೆ ಸುತ್ತಲೂ ಹುಲ್ಲಿನ ಹೊದಿಕೆ ಕೊಟ್ಟು ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದೆ ಹುಳು ಹತ್ತುತ್ತಿರಲಿಲ್ಲ. ತೆರೆದ ಕೂಡಲೆ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿ ಸತ್ತವರುಂಟು. ಬಾಯಿಯನ್ನು ತೆರೆದಿಟ್ಟು, ದೀಪವನ್ನಿಳಿಸಿ ಅದು ಆರದೆ ಉರಿಯುವುದನ್ನು ನೋಡಿ, ಆಮೇಲೆ ಇಳಿಯುವುದು ವಾಡಿಕೆ. ವಿಜ್ಞಾನದ ಪಾಠದಲ್ಲಿ ಇಂಗಾಲದ ಅನಿಲವನ್ನು ಬೋಧಿಸುವ ನಮ್ಮ ಸಹೋದರ ಉಪಾಧ್ಯಾಯರು ಈ ಉದಾಹರಣೆಯನ್ನು ಬಳಸಿಕೊಳ್ಳಬಹುದು. ಸೈನ್ಯಗಳು ಓಡಾಡುತ್ತಿದ್ದ ಈ ಗಡಿನಾಡಿನಲ್ಲಿ ಹಗೇವಿಗೆ ಇನ್ನೊಂದು ಪ್ರಯೋಜನವೂ ಇತ್ತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. 1760ರಲ್ಲಿ ಜೋಳವೆಲ್ಲಿತ್ತೆಂಬ ನಮ್ಮ ಮೊದಲ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ.

ಇನ್ನು ದಿನಬಳಕೆಯ ಕಾಳುಕಡಿ, ಬೇಳೆ, ಬೆಲ್ಲ, ಹುಣಿಸೆ. ಇವುಗಳಿಗೆ ಅಡಕಲು. ದೊಡ್ಡ ಗಡಿಗೆಯನ್ನು ಕೆಳಗಿಟ್ಟು ಅದರ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು, ಹೀಗೆ ಆಳೆತ್ತರದ ಸಾಲು. ಒಂದು ಗಡಿಗೆಯ ತಳವು ಇನ್ನೊಂದರ ಮುಚ್ಚಳ. ಒಂದು ಚದರ ಹೆಜ್ಜೆಯ ನೆಲದಲ್ಲಿ ಆರೇಳು ಗಡಿಗೆಗಳು. ಇದು ಅತ್ಯಂತ ಹಳೆಯ ಕನ್ನಡ ಶಬ್ದ; ಹಳಗನ್ನಡದಲ್ಲಿ ಅಡಕಿಲ್ ಎಂಬ ರೂಪವಿದೆ, ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿಯೂ ಇದಕ್ಕೆ ಸ್ಥಾನ ದೊರಕಿದೆ. ಮರಾಠಿಯಲ್ಲಿ ಇದನ್ನೇ ಉತರಂಡ ಎನ್ನುವರು. ನಮ್ಮ ಗಡಿಯ ಮನೆಗಳಲ್ಲಿ ಅತ್ತೆಯು ಅಡಕಲೆಂದರೆ ಸೊಸೆಯು ಉತರಂಡವೆಂದದ್ದುಂಟು. ಗಡಿಗೆಗಳು ಮಾತ್ರ ಅವೇ.

ಶಬ್ದಗಳ ವಿಷಯ ಬಂದುದರಿಂದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಗೂಡು, ಗೂಟ, ಅಡಕಲು, ನೆಲವು, ಹಗೇವು, ಗಳ, ಇವೆಲ್ಲ ನಮ್ಮವೇ ಆದ ಮಾತುಗಳು. ಗೋಡೆಯಲ್ಲಿಯೋ ಮೇಲೆಯೋ ಕೆಳಗೆಯೋ ಅಡಗಿ ನೆಲವನ್ನು ಬಿಟ್ಟುಕೊಡುವ ವಸ್ತುಗಳಿವು. ನಾಲ್ಕು ಕಾಲೂರಿ ನೆಲವನ್ನಾಕ್ರಮಿಸುವ ಸಾಮಾನುಗಳ ಹೆಸರುಗಳನ್ನು ನೋಡಿರಿ. ಕುರ್ಚಿಯು ಅರಬ್ಬಿಯಿಂದ, ಮೇಜು ಪಾರಸಿಯಿಂದ, ಅಲಮಾರಿಯು ಪೋರ್ತುಗೀಜರಿಂದ, ಸಂದೂಕವು ಮತ್ತೆ ಅರಬ್ಬಿಯಿಂದ, ಟ್ರಂಕು ಇಂಗ್ಲಿಷರಿಂದ, ಸೋಫಾ ಅರಬ್ಬಿಯಿಂದ ಹೊರಟು ಯುರೋಪನ್ನು ಸುತ್ತಿಕೊಂಡು ಬಂದುದು. ಮಣೆ, ಪೆಟ್ಟಿಗೆಗಳಂಥ ಅಪವಾದಗಳಿವೆ. ಆದರೆ ಮಣೆಯು ಊಟವಾದೊಡನೆ ಗೋಡೆಗೆ ಒರಗಿಕೊಳ್ಳುತ್ತದೆ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಕೂಡುತ್ತದೆ. ಪರಭಾಷೆಯ ಶಬ್ದಗಳ ಮೇಲೆ ನಮಗೆ ಮುನಿಸಿಲ್ಲ. ಮೂರು ನಾಲ್ಕು ಭಾಷೆಗಳ ನಡುವೆ ಬಾಳುವ ನಮಗೆ ಅಂಥ ಮುನಿಸು ಶೋಭಿಸುವುದೂ ಇಲ್ಲ. ಹೆಸರು ಬಂದ ದಾರಿಯಲ್ಲಿಯೇ ವಸ್ತುವೂ ಬಂದಿತೆಂಬುದನ್ನು ತೋರಿಸುವುದಷ್ಟೇ ಉದ್ದೇಶ.

ಹಾಗೆಂದು ಕಾಲುಗಳುಳ್ಳ ಆಸನವೇ ಹಿಂದೆ ಇರಲಿಲ್ಲವೆಂದಲ್ಲ. ಉಮರ್ಗಾದಿಂದ ಬಹು ದೂರವಲ್ಲದ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳ ನಡುವೆ ಮನೆ, ಆಸನ, ಶಯ್ಯೆಗಳ ವಿಚಾರವು ಬಂದಿದೆ. ಯಾರಿಗೆ ಯಾವ ಆಸನವೆಂಬುದು ಅರಮನೆಯಲ್ಲಿ ಮರ್ಯಾದೆಯ ಪ್ರಶ್ನೆ. ನಮ್ಮ ಊರುಗಳಲ್ಲಿ ಆ ಪ್ರಶ್ನೆಯನ್ನು ಕಂಬಳಿಯೇ ಬಗೆಹರಿಸುತ್ತಿತ್ತು. ಹಿರಿಯರು ಬಂದರೆ ಕಂಬಳಿ ಹಾಸುವುದು, ನೆರೆಹೊರೆಯವರಿಗೆ ಚಾಪೆ, ಮದುವೆ ಮುಂಜಿಗಳಲ್ಲಿ ಜಮಖಾನೆ. ಕೆಲವರನ್ನು ಪಡಸಾಲೆಯೊಳಕ್ಕೆ ಕರೆಯುತ್ತಲೇ ಇರಲಿಲ್ಲ, ಅವರಿಗೆ ಕಟ್ಟೆಯೇ ಗತಿ ಎಂಬ ಕಹಿಯಾದ ಸತ್ಯವನ್ನೂ ಇಲ್ಲಿ ಮರೆಯಬಾರದು. ಬರಿದಾದ ನೆಲವು ಎಲ್ಲರಿಗೂ ತೆರೆದ ನೆಲವಾಗಿರಲಿಲ್ಲ.

ಕುರ್ಚಿಯು ನಮ್ಮ ಪಡಸಾಲೆಗೆ ಬಂದುದು ಕಚೇರಿಯ ದಾರಿಯಿಂದ. ಈ ಮೂರೂ ತಾಲೂಕುಗಳು 1948ರ ಸೆಪ್ಟೆಂಬರದವರೆಗೆ ಹೈದರಾಬಾದ ಸಂಸ್ಥಾನದಲ್ಲಿದ್ದವು. ತಹಸೀಲು ಕಚೇರಿಯಲ್ಲಿ ಕುರ್ಚಿ ಮೇಜುಗಳು, ಶಾಲೆಯಲ್ಲಿ ಗುರುಗಳಿಗೊಂದು ಕುರ್ಚಿ. ಊರಿಗೆ ಬರುವ ಅಧಿಕಾರಿಗಾಗಿ ಗೌಡರ ಮನೆಯಲ್ಲೊಂದು ಕುರ್ಚಿ. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯು ಒಡೆಯಿತು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರಿಗೆ ಸೇರಿದವು. ನಿಲಂಗಾ, ಉದಗೀರ, ಅಹಮದಪುರಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಹೋದವು. ಉಮರ್ಗಾವು ಮೊದಲಿನಿಂದಲೂ ಆ ಜಿಲ್ಲೆಯಲ್ಲಿಯೇ ಇದ್ದಿತು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಗಿ ನಿಲಂಗಾ ಉದಗೀರಗಳು ಅದಕ್ಕೆ ಸೇರಿದವು, ಉಸ್ಮಾನಾಬಾದಕ್ಕೆ ಈಗ ಧಾರಾಶಿವವೆಂಬ ಹೆಸರು. ಗಡಿಯ ಗೆರೆಯು ಹೀಗೆ ಮನೆಗಳ ಮೇಲಿಂದ ಹಾಯ್ದುಹೋದರೂ ಗೆರೆಯ ಆಚೆ ಈಚೆಗಳಲ್ಲಿ ಗೂಡು ಗೂಟಗಳು ಒಂದೇ ತೆರನಾಗಿಯೇ ಉಳಿದವು.

ಒಳಗಿನ ಮಾರ್ಪಾಟು ಮೆಲ್ಲಮೆಲ್ಲನೆ ಆಯಿತು. ತಗಡಿನ ಟ್ರಂಕುಗಳು ಮದುವೆಯ ಸಾಮಾನಾದವು. ಗೋದ್ರೇಜ ಕಂಪನಿಯು 1923ರಲ್ಲಿಯೇ ಉಕ್ಕಿನ ಅಲಮಾರಿಯನ್ನು ತಯಾರಿಸಿತ್ತಾದರೂ ಅದರ ಮಾದರಿಯ ಅಲಮಾರಿಗಳು ನಮ್ಮ ಹಳ್ಳಿಗಳನ್ನು ಮುಟ್ಟಲು ದಶಕಗಳೇ ಬೇಕಾದವು. ಹಗೇವುಗಳ ಬದಲಿಗೆ ತಗಡಿನ ಪೀಪಾಯಿಗಳು ಬಂದವು. 1982ರಲ್ಲಿ ಬಣ್ಣದ ದೂರದರ್ಶನವು ಆರಂಭವಾದ ಮೇಲೆ ಪಡಸಾಲೆಯ ದಿಕ್ಕೇ ತಿರುಗಿತು. ಮೊದಲು ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡುವಂತೆ ಗೋಡೆಯುದ್ದಕ್ಕೂ ಕುಳ್ಳಿರುತ್ತಿದ್ದರು. ಈಗ ಆಸನಗಳೆಲ್ಲ ಒಂದೇ ಗೋಡೆಯ ಕಡೆಗೆ ಮುಖ ಮಾಡಿ ನಿಂತವು. ಇದರ ಬಗ್ಗೆ ಹೆಚ್ಚು ಬರೆದರೆ ಉಪದೇಶವಾದೀತು.

ಇಷ್ಟರವರೆಗೆ ಓದಿದವರು ನಾವು ಹಳೆಯ ಗೋಡೆಯ ಸ್ತುತಿಪಾಠಕರೆಂದು ಭಾವಿಸಿರಬಹುದು. 1993ರ ಸೆಪ್ಟೆಂಬರ 30ರ ನಸುಕಿನ ಮಾತನ್ನು ಹೇಳದೆ ಆ ಗೋಡೆಯ ಚರಿತ್ರೆಯು ಮುಗಿಯುವಂತಿಲ್ಲ. ಹಿಂದಿನ ದಿನ ಗಣಪತಿಯನ್ನು ಕಳುಹಿಸಿ ಬಂದ ಜನರು ಮಲಗಿ ನಿದ್ರಿಸುತ್ತಿದ್ದರು. ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ ಭೂಮಿಯು ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು, ನಿಲಂಗಾದ ಕಡೆಯ ಹಳ್ಳಿಗಳು ಕ್ಷಣಮಾತ್ರದಲ್ಲಿ ನೆಲಸಮವಾದವು. ಸತ್ತವರು ಸುಮಾರು 8 ಸಾವಿರವೆಂದು ಸರಕಾರದ ಲೆಕ್ಕ. ಕಂಪನದ ಪ್ರಮಾಣವು 6.2ರಷ್ಟು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕಂಪನಗಳು ಇಷ್ಟು ಜನರನ್ನು ಕೊಲ್ಲದೆ ಹೋದದ್ದುಂಟು. ಇಲ್ಲಿ ಕೊಂದದ್ದು ಗೋಡೆ ಮತ್ತು ಮಾಳಿಗೆ.

ಕಾರಣವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಗೋಡೆಯ ಎರಡು ಮೈಗಳನ್ನು ಬಿಗಿದು ಹಿಡಿಯಲು ಈ ಮೈಯಿಂದ ಆ ಮೈಗೆ ಮುಟ್ಟುವ ಉದ್ದನೆಯ ಕಲ್ಲುಗಳು ಬೇಕು. ನಮ್ಮ ಗೋಡೆಗಳಲ್ಲಿ ಬಹುಮಟ್ಟಿಗೆ ಅವು ಇರಲಿಲ್ಲ. ನೆಲವು ಅಲುಗಿದೊಡನೆ ನಡುವಿನ ಚೂರುಗಲ್ಲು ಕೆಳಕ್ಕೆ ಕುಸಿದು ಎರಡು ಮೈಗಳನ್ನೂ ಹೊರಕ್ಕೆ ತಳ್ಳಿತು. ಮೇಲೆ ಮಾಳಿಗೆಯ ಭಾರ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣೆಳೆಯುವುದು ನಮ್ಮಲ್ಲಿ ವಾಡಿಕೆ. ಅಜ್ಜನು ಹಾಕಿದ ಮಣ್ಣಿನ ಮೇಲೆ ಅಪ್ಪನು, ಅಪ್ಪನ ಮೇಲೆ ಮಗನು ಹಾಕಿ ಅದು ಒಂದೂವರೆ ಎರಡು ಅಡಿಯಾಗುತ್ತದೆ. ಒಂದು ಘನ ಅಡಿ ಮಣ್ಣಿನ ತೂಕ ಸುಮಾರು 45 ಕಿಲೋ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ 180 ಘನ ಅಡಿ, ಅಂದರೆ 8,100 ಕಿಲೋ. ಎಂಟು ಟನ್ ಭಾರವನ್ನು ತಲೆಯ ಮೇಲಿಟ್ಟುಕೊಂಡು ನಾವು ಮಲಗುತ್ತಿದ್ದೆವು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂದು ಹೊಗಳುತ್ತಿದ್ದುದು ಇದನ್ನೇ. ಹಲವು ಕಡೆ ಕಂಬ ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದ ಮನೆಗಳಲ್ಲಿ ಗೋಡೆಗಳು ಉದುರಿದರೂ ಮಾಳಿಗೆಯು ಕಂಬಗಳ ಮೇಲೆಯೇ ನಿಂತಿತ್ತೆಂಬುದು ಗಮನಿಸತಕ್ಕ ಸಂಗತಿ.

ಮುಂದೆ ವಿಶ್ವಬ್ಯಾಂಕಿನ ನೆರವಿನಿಂದ ಪುನರ್ವಸತಿಯ ಕಾರ್ಯವು ಆರಂಭವಾಯಿತು. ತೀರ ನಾಶವಾದ 52 ಹಳ್ಳಿಗಳನ್ನು ಬೇರೆ ಜಾಗಗಳಲ್ಲಿ ಹೊಸದಾಗಿ ಕಟ್ಟಿದರು. ಮನೆಗಳಲ್ಲಿ ಮೂರು ದರ್ಜೆ: ಭೂಮಿಯಿಲ್ಲದವರಿಗೆ ಮತ್ತು ಒಂದು ಹೆಕ್ಟೇರಿನವರೆಗೆ ಉಳ್ಳವರಿಗೆ 250 ಚದರಡಿ, ಏಳು ಹೆಕ್ಟೇರಿನವರೆಗಿನವರಿಗೆ 400, ಅದಕ್ಕೂ ಮೇಲ್ಪಟ್ಟವರಿಗೆ 750. ಉಳಿದ ನೂರಾರು ಹಳ್ಳಿಗಳಲ್ಲಿ ಲಕ್ಷಕ್ಕೂ ಮಿಕ್ಕಿ ಮನೆಗಳನ್ನು ಇದ್ದಲ್ಲಿಯೇ ದುರಸ್ತಿ ಮಾಡಲಾಯಿತು.

ಹೊಸ ಮನೆಯ ಗೋಡೆಯು ತೆಳುವಾಯಿತು, ಪ್ರಾಣಕ್ಕೆ ಕ್ಷೇಮವಾಯಿತು. ಇದು ನಿಸ್ಸಂದೇಹವಾಗಿ ಒಳ್ಳೆಯದೇ. ಆದರೆ ಅರ್ಧ ಅಡಿ, ಮುಕ್ಕಾಲು ಅಡಿಯ ಗೋಡೆಯಲ್ಲಿ ಗೂಡೆಲ್ಲಿಂದ ಬರಬೇಕು? ನೂರಾರು ವರ್ಷಗಳಿಂದ ಗೋಡೆಯೊಳಗೆ ಅಡಗಿದ್ದ ಸಂಸಾರವು ಒಮ್ಮೆಲೆ ನೆಲಕ್ಕೆ ಬಂದು ಬಿದ್ದಿತು. ಜಂತಿಯಿಲ್ಲದುದರಿಂದ ನೆಲವೂ ಇಲ್ಲ, ಗಳವೂ ಇಲ್ಲ. ಒಕ್ಕಲುತನದ ಸಾಮಾನು, ಕಾಳಿನ ಚೀಲ, ಬೀಜ, ಹಾಸಿಗೆ, ಪಾತ್ರೆ, ದೇವರು, ಮಕ್ಕಳ ಪುಸ್ತಕ, ಎಲ್ಲವೂ 250 ಚದರಡಿಯಲ್ಲಿ. ಮನೆಯ ಕ್ಷೇತ್ರಫಲವನ್ನು ಅಳೆದವರು ಮನೆಯ ಗೋಡೆಯಲ್ಲಿದ್ದ ಘನಫಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ನಮಗನಿಸುತ್ತದೆ. ಜನರು ಮಾಡಿದುದೇನು? ಹಿತ್ತಲಿಗೆ ತಗಡಿನ ಒಂದು ಸೂರು ಇಳಿಸಿದರು, ಒಲೆಯನ್ನು ಹೊರಗೆ ಒಯ್ದರು, ಮುಂದೆ ಒಂದು ಪಡಸಾಲೆ ತೆಗೆದರು. ಕಲ್ಲಿನ ಸೂರಿನ ಭಯವು ಹೋಗದ ಕೆಲವರು ವರ್ಷಗಟ್ಟಲೆ ತಗಡಿನ ಕೆಳಗೇ ಮಲಗಿದರು; ಅವರ ಹೊಸ ಮನೆಯು ಉಗ್ರಾಣವಾಯಿತು.

ಈ ಇಕ್ಕಟ್ಟು ಭೂಕಂಪದ ಹಳ್ಳಿಗಳಿಗಷ್ಟೇ ಸೀಮಿತವಲ್ಲ. ಉದಗೀರ, ಉಮರ್ಗಾ ಪಟ್ಟಣಗಳ ಬಾಡಿಗೆಯ ಕೋಣೆಗಳಲ್ಲಿರುವ ಉಪಾಧ್ಯಾಯರಿಗೆಲ್ಲ ಇದರ ಅನುಭವವುಂಟು. ಗಣಿತದ ಗುರುಗಳು ಹಲಗೆಯ ಮೇಲೆ ಬಿಡಿಸಬಹುದಾದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, 120 ಚದರಡಿ. ಆರಡಿ ನಾಲ್ಕಡಿಯ ಮಂಚಕ್ಕೆ 24. ಮೂರಡಿ ಒಂದೂವರೆ ಅಡಿಯ ಅಲಮಾರಿಗೆ ನಾಲ್ಕೂವರೆ. ದೂರದರ್ಶನದ ಮೇಜಿಗೆ 6. ಎರಡು ಕುರ್ಚಿಗಳಿಗೆ 8. ಕಾಳಿನ ಎರಡು ಪೀಪಾಯಿಗಳಿಗೆ 8. ಟ್ರಂಕುಗಳ ಸಾಲಿಗೆ 6. ಕೂಡಿಸಿದರೆ ಐವತ್ತಾರೂವರೆ. ಉಳಿದ ಅರವತ್ತಮೂರೂವರೆಯಲ್ಲಿ ಬಾಗಿಲು ತೆರೆಯುವ ಜಾಗ, ಅಲಮಾರಿಯ ಕದ ತೆರೆಯುವ ಜಾಗ, ಒಳಕೋಣೆಗೆ ಹೋಗುವ ದಾರಿ. ಮಗುವು ಕುಳಿತು ಅಭ್ಯಾಸ ಮಾಡಲು ಉಳಿದುದೆಷ್ಟೆಂಬುದನ್ನು ವಿದ್ಯಾರ್ಥಿಗಳೇ ತಮ್ಮ ತಮ್ಮ ಮನೆಗಳಲ್ಲಿ ಅಳೆದು ನೋಡಲಿ. ಆ ಮಂಚವೊಂದು ಹಗಲಿನಲ್ಲಿ ಕೌದಿಯಂತೆ ಮಡಚುವಂತಿದ್ದರೆ 24 ಚದರಡಿ ಮರಳಿ ಬರುತ್ತದೆ.

ಹಾಗಾದರೆ ಕ್ಷೇಮವಾದ ಗೋಡೆಗೂ ಬರಿದಾದ ನೆಲಕ್ಕೂ ವಿರೋಧವೇ? ಇಲ್ಲವೆಂಬುದಕ್ಕೆ ಜಪಾನ ದೇಶವು ಸಾಕ್ಷಿ. ನಮಗಿಂತ ನೂರು ಪಾಲು ಹೆಚ್ಚು ಭೂಕಂಪಗಳನ್ನು ಕಂಡ ನಾಡು ಅದು. ಅಲ್ಲಿಯೂ ಕೋಣೆಯನ್ನು ಅಡಿಗಳಲ್ಲಿ ಅಳೆಯದೆ ನೆಲಕ್ಕೆ ಹಾಸಿದ ಚಾಪೆಗಳ ಲೆಕ್ಕದಿಂದ ಹೇಳುತ್ತಾರೆ. ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ ಎಂದು. ರಾತ್ರಿ ಹಾಸಿದ ಹಾಸಿಗೆಯನ್ನು ಬೆಳಗ್ಗೆ ಮಡಚಿ ಓಷಿಇರೆ ಎಂಬ ಗೋಡೆಯ ಕಪಾಟಿನಲ್ಲಿಟ್ಟು ಸರಿಯುವ ಕದವನ್ನೆಳೆದರೆ ಮಲಗುವ ಮನೆಯೇ ಕೂಡುವ ಮನೆ. ಆ ಕಪಾಟಿನ ಆಳ ಸುಮಾರು ಮೂರಡಿ, ನಮ್ಮ ಹಳೆಯ ಗೋಡೆಯ ದಪ್ಪದಷ್ಟೇ. ಆದರೆ ಅದು ಕಲ್ಲಲ್ಲ, ಹಗುರಾದ ಮರದ ಚೌಕಟ್ಟು. ಸಾಮಾನನ್ನು ಒಳಗೊಳ್ಳಲು ಗೋಡೆಗೆ ಬೇಕಾದುದು ಆಳ, ಭಾರವಲ್ಲ. ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1925ರ ಪ್ಯಾರಿಸ ಪ್ರದರ್ಶನದಲ್ಲಿ ಬಿಡಿ ಸಾಮಾನುಗಳ ಬದಲಿಗೆ ಗೋಡೆಯಂತೆ ನಿಲ್ಲುವ ಕಪಾಟುಗಳನ್ನಿಟ್ಟು ಇದನ್ನೇ ಹೊಸ ಯುಗದ ಮನೆಯೆಂದು ಸಾರಿದನು. ನಮ್ಮ ಹಳ್ಳಿಯ ಹೆಂಗಸರಿಗೆ ಆ ಹೊಸತನವು ಅಷ್ಟು ಬೆರಗನ್ನುಂಟುಮಾಡುತ್ತಿರಲಿಲ್ಲವೆಂದು ತೋರುತ್ತದೆ.

ಜಪಾನದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. 1995ರ ಜನವರಿ 17ರಂದು, ಅದೂ ನಸುಕಿನಲ್ಲಿಯೇ, ಕೋಬೆ ಪಟ್ಟಣದ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನರು ಸತ್ತರು. ಭಾರವಾದ ಹಂಚಿನ ಹಳೆಯ ಮನೆಗಳು ಕುಸಿದುದಲ್ಲದೆ ಎತ್ತರದ ಕಪಾಟುಗಳು ಮಲಗಿದವರ ಮೇಲೆ ಉರುಳಿದವು. ಅಂದಿನಿಂದ ಅಲ್ಲಿ ಕಪಾಟನ್ನು ಗೋಡೆಗೆ ಬಿಗಿಯುವುದನ್ನು ಮನೆಮನೆಗೂ ಹೇಳಿಕೊಡುತ್ತಾರೆ. ನಮ್ಮಲ್ಲಿ ಉಕ್ಕಿನ ಅಲಮಾರಿಯ ನೆತ್ತಿಯ ಮೇಲೆ ಟ್ರಂಕು, ಟ್ರಂಕಿನ ಮೇಲೆ ಹಿತ್ತಾಳೆಯ ಹಂಡೆ, ಕೆಳಗೆ ಮಗುವಿನ ತಲೆದಿಂಬು! ಅಡಕಲು ಇಟ್ಟವಳು ದೊಡ್ಡ ಗಡಿಗೆಯನ್ನು ಎಂದೂ ಮೇಲಿಟ್ಟವಳಲ್ಲ. ಅಲಮಾರಿಯ ಮೇಲ್ತುದಿಯನ್ನು ಎರಡು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿಯಲು ಗವಂಡಿಗೆ ಅರ್ಧ ಗಂಟೆಯ ಕೆಲಸ. ಭಾರವಾದವು ಕೆಳಗೆ, ಹಾಸಿಗೆಯ ತಲೆಗಡೆಗೆ ಗೋಡೆಯ ಮೇಲೇನೂ ಇಲ್ಲ, ಹಾಸಿಗೆಯಿಂದ ಬಾಗಿಲಿಗೆ ಕತ್ತಲೆಯಲ್ಲಿಯೂ ಎಡವದಂತೆ ದಾರಿ. 1993ರ ಆ ನಸುಕನ್ನು ಕಂಡ ಸೀಮೆಯಲ್ಲಿ ಕೋಣೆಯ ಅಂದಕ್ಕಿಂತ ಈ ಮೂರು ಮಾತುಗಳು ಮೊದಲು ಬರಬೇಕು.

ಹಳೆಯ ಗೋಡೆಗಳಿನ್ನೂ ನಿಂತಿರುವ ಮನೆಗಳವರಿಗೂ ಒಂದು ಮಾತು. ಭೂಕಂಪದ ತರುವಾಯ ಇಂಜಿನಿಯರುಗಳು ಕಲಿಸಿದ ಉಪಾಯಗಳು ದುಬಾರಿಯವಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ತೆಗೆದು ಈ ಮೈಯಿಂದ ಆ ಮೈಗೆ ಕಬ್ಬಿಣ ಕಾಂಕ್ರೀಟುಗಳ ಕೀಲು ಕೂಡಿಸುವುದು, ಕಂಬಕ್ಕೂ ತೊಲೆಗೂ ಓರೆಯಾದ ಆಧಾರ ಕೊಡುವುದು, ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸುವುದು. ಮನೆಯ ಮೂಲೆಗೆ ತೀರ ಸಮೀಪವಾಗಿ ಗೂಡು ಕೊರೆಯಬಾರದು. ಮೂಲೆಯೇ ಗೋಡೆಯ ಜೀವ. ಹೊಸದಾಗಿ ಮನೆ ಕಟ್ಟುವವರು ತೆಳುವಾದ ಗೋಡೆಗೆ ಒಳಮಗ್ಗುಲಲ್ಲಿ ಒಂದೂಕಾಲು ಅಡಿ ಆಳದ ಕಪಾಟನ್ನು ನೆಲದಿಂದ ಎದೆಯೆತ್ತರದವರೆಗೆ ಗೋಡೆಯುದ್ದಕ್ಕೂ ಕಟ್ಟಿಸಿದರೆ ಹತ್ತು ಅಡಿಯ ಗೋಡೆಗೆ ಹನ್ನೆರಡೂವರೆ ಚದರಡಿ ಹೋಗುತ್ತದೆ. ಅಲಮಾರಿ, ಪುಸ್ತಕದ ಮೇಜು, ಟ್ರಂಕುಗಳ ಸಾಲು, ದೂರದರ್ಶನದ ಮೇಜು ಎಲ್ಲವೂ ಅದರಲ್ಲಿ ಅಡಗುತ್ತವೆ. ಇವು ಬಿಡಿಯಾಗಿದ್ದಾಗ ಹಿಡಿದುದಕ್ಕಿಂತ ಹೆಚ್ಚಿನ ನೆಲವನ್ನು ಅದು ಬೇಡದು, ಮೇಲಾಗಿ ಉರುಳದು. ಇದಕ್ಕೆ ಏನೆಂದು ಹೆಸರಿಡಬೇಕೆಂದು ಕೇಳಿದರೆ ಗೂಡೆಂದೇ ಹೇಳಬೇಕಾಗುತ್ತದೆ.

ಅಡಕಲಿನ ಗಡಿಗೆಗಳು ಈಗ ದಿನಬಳಕೆಯಲ್ಲಿಲ್ಲ. ಅವುಗಳ ಸ್ಥಾನವನ್ನು ಪ್ಲಾಸ್ಟಿಕ್ಕಿನ ಡಬ್ಬಿಗಳು ಹಿಡಿದಿವೆ. ಆದರೆ ಮದುವೆಯ ಮನೆಗಳಲ್ಲಿ ಕುಂಬಾರರ ಮನೆಯಿಂದ ಐರಾಣಿ ಗಡಿಗೆಗಳನ್ನು ತರುವ ಪದ್ಧತಿಯು ಕನ್ನಡದ ಕುಟುಂಬಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಬಣ್ಣ ಬರೆದ ಆ ಗಡಿಗೆಗಳನ್ನು ಒಂದರ ಮೇಲೊಂದಾಗಿ ಇಟ್ಟು ಪೂಜಿಸುತ್ತಾರೆ. ಆ ಹೊತ್ತಿಗೆ ಕುರ್ಚಿಗಳನ್ನೂ ಮಂಚವನ್ನೂ ಅಂಗಳಕ್ಕೆ ಹೊರುತ್ತಾರೆ, ಪಡಸಾಲೆಯ ನೆಲವು ಬರಿದಾಗುತ್ತದೆ, ಜಮಖಾನೆಯನ್ನು ಹಾಸುತ್ತಾರೆ. ಮದುವೆಯು ಮುಗಿದ ಮೇಲೆ ಗಡಿಗೆಗಳನ್ನು ಇಡಲು ಗೂಡಿಲ್ಲದ ಮನೆಗಳಲ್ಲಿ ಅವು ಮಂಚದ ಕೆಳಗೆ ಸೇರುತ್ತವೆ.